ಶಾಲೆಗೆ ಮುನ್ನಿನ ಶಾಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿರುವುದು ನಮ್ಮ ವಾಚಕರಿಗೆ ತಿಳಿದೇ ಇದೆ. ಎಸ್.ಎಸ್.ಎಲ್.ಸಿ. ಫಲಿತಾಂಶವು ಹೊರಬಿದ್ದಾಗಲೆಲ್ಲ ಜಿಲ್ಲೆಯ ಸ್ಥಾನವು ಏರಿತೋ ಇಳಿಯಿತೋ ಎಂಬ ಚರ್ಚೆಯು ಕಚೇರಿಗಳಲ್ಲಿಯೂ ಪೇಟೆಬೀದಿಗಳಲ್ಲಿಯೂ ನಡೆಯುವುದು. ಆದರೆ ಪರೀಕ್ಷೆಗೆ ಕುಳಿತ ಬಾಲಕನು ಮೂರು ನಾಲ್ಕು ವರ್ಷದವನಾಗಿದ್ದಾಗ ಏನನ್ನು ಉಂಡನು, ಯಾರಿಂದ ಮಾತು ಕಲಿತನು ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಮೆದುಳಿನ ಬೆಳವಣಿಗೆಯಲ್ಲಿ ಶೇಕಡ 85ಕ್ಕೂ ಹೆಚ್ಚು ಭಾಗವು ಆರು ವರ್ಷಗಳೊಳಗೆ ಆಗುವುದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಅಸ್ತಿಭಾರವನ್ನು ಮರೆತು ಗೋಪುರದ ಎತ್ತರವನ್ನು ಅಳೆಯುವ ಈ ಪದ್ಧತಿಯು ಇನ್ನಾದರೂ ನಿಲ್ಲಬೇಕು.

ಶಾಸನದಲ್ಲಿಯೇ ಒಂದು ಭೇದವುಂಟು. 2002ರ 86ನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಮಾಡಿತು; ಆರು ತುಂಬದವರ ಆರೈಕೆಗೂ ಶಿಕ್ಷಣಕ್ಕೂ ರಾಜ್ಯವು ಪ್ರಯತ್ನಿಸತಕ್ಕದ್ದೆಂದು 45ನೆಯ ಅನುಚ್ಛೇದದಲ್ಲಿ ಹೇಳಿ ಸುಮ್ಮನಾಯಿತು. ದೊಡ್ಡವನಿಗೆ ಹಕ್ಕು, ಚಿಕ್ಕವನಿಗೆ ಪ್ರಯತ್ನ! ಹಕ್ಕಿಲ್ಲದ ಕಡೆ ಹಣವೂ ಹಿಂದೆ ಬೀಳುವುದು ಸಹಜವೇ.

ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲೆಂದು ಯತ್ನಿಸಿದವರು ತಾರಾಬಾಯಿ ಮೋಡಕ್ ಅವರು. 1975ನೆಯ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆ ಆರಂಭವಾದಾಗ ನಮ್ಮ ನಾಡಿನಲ್ಲಿ ತಿ. ನರಸೀಪುರವು ಅದಕ್ಕೆ ಮೊದಲ ಕ್ಷೇತ್ರವಾಯಿತು. ಇಂದು ಅಂಗನವಾಡಿ ಇಲ್ಲದ ದೊಡ್ಡ ಗ್ರಾಮವೇ ವಿರಳ. 2013ರಿಂದ ಹಾಲು, 2017ರಿಂದ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ, ಇವೆಲ್ಲ ಸ್ತುತ್ಯವೇ.

ಆದರೆ ಲೆಕ್ಕವನ್ನು ನೋಡಿರಿ. ಒಂದು ಮಗುವಿನ ಪೂರಕ ಆಹಾರಕ್ಕೆ 2017ರಲ್ಲಿ ಗೊತ್ತುಮಾಡಿದ ದರವು ದಿನಕ್ಕೆ 8 ರೂಪಾಯಿ. ಬೇಳೆ, ಎಣ್ಣೆ, ಮೊಟ್ಟೆಗಳ ಬೆಲೆಯು ವರ್ಷವರ್ಷಕ್ಕೂ ಏರಿತು. ದರವನ್ನು ತಕ್ಕಷ್ಟು ಹೆಚ್ಚಿಸುವೆವೆಂಬ ಮಾತು ಕೇಂದ್ರದ ಆಯವ್ಯಯದಲ್ಲಿ ಬಂದುದು 2025ರ ಫೆಬ್ರವರಿಯಲ್ಲಿ. ಕಾರ್ಯಕರ್ತೆಗೆ ಕೇಂದ್ರವು 2018ರ ಅಕ್ಟೋಬರಿನಲ್ಲಿ ಗೊತ್ತುಮಾಡಿದ ಗೌರವಧನವು ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ರಾಜ್ಯ ಸರ್ಕಾರವು ತನ್ನ ಪಾಲನ್ನು ಸೇರಿಸುತ್ತಿದೆ. 2025ರ ಮಾರ್ಚ್‌ನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ ಹೆಚ್ಚಿಸಿತು. ಆದರೂ ಪಾಠ, ತೂಕ, ಲಸಿಕೆಯ ಕರೆ, ಮೊಬೈಲಿನ ಲೆಕ್ಕ, ಮತದಾರರ ಪಟ್ಟಿ ಇಷ್ಟನ್ನೂ ಹೊರುವವಳಿಗೆ ಸಂಬಳವೆಂಬ ಹೆಸರೂ ಇಲ್ಲ. ಉಪಾದಾನ ಕೂಡ ಅವಳಿಗೆ ಸಲ್ಲತಕ್ಕದ್ದೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ನಮ್ಮ ಸೀಮೆಯ ಕಷ್ಟವು ಇದಕ್ಕಿಂತಲೂ ಒಂದು ಕೈ ಹೆಚ್ಚು. ಮಳೆಯನ್ನೇ ನಂಬಿದ ಕಡಲೆಕಾಯಿಯ ಹೊಲ. ಕೂಲಿಗೆ ಹೋಗುವ ತಾಯಿ. ಪಾವಗಡದ ಕೊಳವೆಬಾವಿಯಲ್ಲಿ ಮಕ್ಕಳ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡು. ಶುದ್ಧ ನೀರಿಲ್ಲದ ಕಡೆ ಪೌಷ್ಟಿಕ ಆಹಾರದ ಫಲವೇನು? ದುಡಿಯುವ ತಾಯಂದಿರ ಶಿಶುಗಳಿಗಾಗಿ 2023ರಲ್ಲಿ ಘೋಷಿತವಾದ ‘ಕೂಸಿನ ಮನೆ’ಯು ಇಲ್ಲಿಗೆ ಹೇಳಿ ಮಾಡಿಸಿದಂಥದು. ಆದರೆ ಕೂಲಿಯ ಹೊತ್ತಿಗೂ ಕೂಸಿನ ಮನೆಯ ಹೊತ್ತಿಗೂ ತಾಳೆಯಾಗದಿದ್ದರೆ ಹಿರಿಯ ಮಗಳು ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಳ್ಳಬೇಕಾಗುವುದು. ಒಂದು ಕೂಸಿಗೆ ನೆರಳಿಲ್ಲದ್ದರಿಂದ ಎರಡು ಮಕ್ಕಳ ವಿದ್ಯೆ ಕೆಡುವುದು.

ಹಣವೆಲ್ಲಿಂದ ಎಂದು ಕೇಳುವವರಿಗೆ ಪಾವಗಡದ ತಿರುಮಣಿಯನ್ನು ತೋರಿಸಬಹುದು. ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು ಅಲ್ಲಿ ಎದ್ದಿದೆ. ಭೂಮಾಲಿಕರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಯು ದೊರೆಯಿತು; ಭೂಮಿಯಿಲ್ಲದ ಕೂಲಿಯವನಿಗೆ ದೊರೆತುದೇನು? 2013ರ ಕಂಪನಿ ಕಾಯಿದೆಯ ಮೇರೆಗೆ ದೊಡ್ಡ ಕಂಪನಿಗಳು ಸಾಮಾಜಿಕ ಕಾರ್ಯಕ್ಕೆ ಲಾಭದ ಶೇಕಡ 2 ಭಾಗವನ್ನು ವೆಚ್ಚಮಾಡಬೇಕು, ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಈ ಹಣದಲ್ಲಿ ಅಂಗನವಾಡಿಗೆ ಬಂದುದೆಷ್ಟೆಂಬುದು ಗ್ರಾಮಸಭೆಯಲ್ಲಿ ಬಹಿರಂಗವಾಗಿ ಓದಲ್ಪಡಲಿ. ಆದರೆ ದಾನವು ತೆರಿಗೆಯ ಸ್ಥಾನವನ್ನು ಆಕ್ರಮಿಸಲಾಗದು. ಕಟ್ಟಡಕ್ಕೆ ಕೊಡುಗೆ ಒಪ್ಪಿತವೇ ಹೊರತು ಅನ್ನಕ್ಕೂ ಗೌರವಧನಕ್ಕೂ ಸರ್ಕಾರವೇ ಹೊಣೆ.

ಇನ್ನೊಂದು ಮಾತು. ಪಟ್ಟಣವಾಸಿಗಳಾದ ನಾವು ನಮ್ಮ ಮಕ್ಕಳನ್ನು ಕಾನ್ವೆಂಟಿನ ಬಸ್ಸಿಗೆ ಹತ್ತಿಸಿ, ಅಂಗನವಾಡಿಯನ್ನು ಬಡವರ ಗಂಜಿಕೇಂದ್ರವೆಂದು ಬಗೆದಿದ್ದೇವೆ. ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ. ತೆರೆಯುವ ಯತ್ನಕ್ಕೆ 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದುದು ಹೊಟ್ಟೆಪಾಡಿಗಾಗಿ ಮಾತ್ರವಲ್ಲ. ಮೂರು ವರ್ಷ ತುಂಬಿದವರೆಲ್ಲ ಹೊರಟುಹೋದರೆ ಅಂಗನವಾಡಿಯಲ್ಲಿ ಶಿಕ್ಷಣವೆಂಬುದೇ ಉಳಿಯದು. ಎರಡು ಇಲಾಖೆಗಳು ಒಂದೇ ಮಗುವಿಗಾಗಿ ಸ್ಪರ್ಧಿಸುವುದಕ್ಕಿಂತ, ಇರುವ ಅಂಗನವಾಡಿಗೇ ತರಬೇತಿಯನ್ನೂ ಸಲಕರಣೆಯನ್ನೂ ಕೊಡುವುದು ಮೇಲು.

ಆದುದರಿಂದ ನಾಲ್ಕು ತಾಲ್ಲೂಕುಗಳ ಅಧಿಕಾರಿಗಳನ್ನೂ ಪಂಚಾಯಿತಿ ಸದಸ್ಯರನ್ನೂ ನಾವು ಮೂರೇ ಸಂಗತಿಗಳಿಗಾಗಿ ಒತ್ತಾಯಪಡಿಸುತ್ತೇವೆ: ಪ್ರತಿ ಅಂಗನವಾಡಿಗೂ ಪರೀಕ್ಷಿಸಿದ ಕುಡಿಯುವ ನೀರು, ಕೂಲಿಯ ಹೊತ್ತಿಗೆ ಹೊಂದುವ ಕೂಸಿನ ಮನೆ, ಕಾರ್ಯಕರ್ತೆಗೆ ಪಾಠದ ವೇಳೆಯಲ್ಲಿ ಅನ್ಯ ಕೆಲಸದಿಂದ ಬಿಡುಗಡೆ. ಇವುಗಳಲ್ಲಿ ಯಾವುದೂ ದಿಲ್ಲಿಯ ಅಪ್ಪಣೆಗಾಗಿ ಕಾಯಬೇಕಾದುದಲ್ಲ. ಆಹಾರದ ದರವು ಬೆಲೆಯೊಡನೆ ಏರುವಂತೆ ಮಾಡುವುದು ಶಾಸಕರ ಹಾಗೂ ಸಂಸದರ ಕೆಲಸ. ಮತ ಕೇಳಲು ಅಂಗಳಕ್ಕೆ ಬರುವವರು ಅಂಗಳದ ಮಗುವನ್ನೂ ಒಮ್ಮೆ ಕಣ್ಣೆತ್ತಿ ನೋಡಲಿ. ಅದಕ್ಕೆ ಮತವಿಲ್ಲ, ಆದರೆ ನಾಳಿನ ಜಿಲ್ಲೆಯು ಅದರದೇ.