ಅಪ್ಪಣೆ ನಿಮ್ಮದೇ ಆಗಲಿ

ಅರಸೀಕೆರೆ ಜಂಕ್ಷನ್ನಿಗೆ ಕಾಯ್ದಿರಿಸಿದ ಟಿಕೆಟ್ಟಿನಲ್ಲಿ ಊರಿನ ಹೆಸರಿನ ಪಕ್ಕ ಎ.ಎಸ್.ಕೆ. ಎಂಬ ಮೂರು ಅಕ್ಷರಗಳಿರುತ್ತವೆ. ತಿಪಟೂರಿಗೆ ಟಿ.ಟಿ.ಆರ್. ಇವೆರಡೂ ಹೇಗೋ ನೆನಪಿನಲ್ಲಿ ಉಳಿಯುತ್ತವೆ. ಆದರೆ ಕಡೂರಿಗೆ ಡಿ.ಆರ್.ಯು., ಬೀರೂರಿಗೆ ಆರ್.ಆರ್.ಬಿ.! ಹೆಸರಿಟ್ಟವರು ರೈಲ್ವೆಯವರು, ಬಾಯಿಪಾಠ ಮಾಡುವುದಷ್ಟೇ ನಮ್ಮ ಪಾಲಿಗೆ ಬಂದದ್ದು.

ದೊಡ್ಡದೊಂದು ಮಾತನ್ನು ಪುಟ್ಟ ಪದದ ಹಿಂದೆ ಅಡಗಿಸಿಡುವ ಈ ಉಪಾಯ ಕಂಪ್ಯೂಟರಿಗೂ ಹೊಸದಲ್ಲ. 1970ರ ದಶಕದ ಕೊನೆಯಲ್ಲಿ ಬಿಲ್ ಜಾಯ್ ಬರೆದ 'ಸಿ ಶೆಲ್' ಎಂಬ ತಂತ್ರಾಂಶದಲ್ಲೇ ಉದ್ದನೆಯ ಆಜ್ಞೆಗೆ 'ಅಲಿಯಾಸ್', ಅಂದರೆ ಅಡ್ಡಹೆಸರು ಇಡುವ ಸೌಲಭ್ಯವಿತ್ತು. ಇಲ್ಲಿ ಹೆಸರಿಡುವವರು ನಾವೇ.

ಈಗ ಅದೇ ಅನುಕೂಲ ಕೃತಕ ಬುದ್ಧಿಮತ್ತೆಯ ಸಹಾಯಕರಿಗೂ ಬಂದಿದೆ. ಆಂತ್ರೊಪಿಕ್ ಕಂಪನಿಯ 'ಕ್ಲಾಡ್ ಕೋಡ್' 2025ರ ಫೆಬ್ರುವರಿಯಲ್ಲಿ, ಗೂಗಲ್‌ನ 'ಜೆಮಿನಿ ಸಿ.ಎಲ್.ಐ.' ಅದೇ ವರ್ಷದ ಜೂನ್‌ನಲ್ಲಿ ಹೊರಬಂದವು. ಚಿತ್ರಗಳನ್ನು ಒತ್ತುವ ಗೊಡವೆಯಿಲ್ಲದೆ, ಟರ್ಮಿನಲ್ ಎಂಬ ಕಿಟಕಿಯಲ್ಲಿ ಅಕ್ಷರ ಕುಟ್ಟಿ ಇವುಗಳಿಂದ ಕೆಲಸ ಮಾಡಿಸಬಹುದು. ಇವು ಹುಟ್ಟಿದ್ದು ಪ್ರೋಗ್ರಾಂ ಬರೆಯುವವರಿಗಾಗಿ. ಆದರೂ ಪಾಠ ಓದುವವರಿಗೆ ಇದರಲ್ಲೊಂದು ಪ್ರಯೋಜನವಿದೆ.

ಮಾಡಬೇಕಾದ್ದು ಇಷ್ಟೇ. ಕ್ಲಾಡ್ ಕೋಡ್‌ನಲ್ಲಾದರೆ, ನಿಮ್ಮ ಟಿಪ್ಪಣಿಗಳಿರುವ ಫೋಲ್ಡರಿನೊಳಗೆ '.ಕ್ಲಾಡ್' ಎಂಬ ಫೋಲ್ಡರು, ಅದರೊಳಗೆ 'ಕಮಾಂಡ್ಸ್' ಎಂಬ ಇನ್ನೊಂದು ಫೋಲ್ಡರು ಮಾಡಬೇಕು. ಎರಡರ ಹೆಸರೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರಬೇಕು. ಮೊದಲನೆಯದರ ಹಿಂದಿನ ಚುಕ್ಕೆ ಮರೆಯಬಾರದು. ಅಲ್ಲೊಂದು ಸಾದಾ ಪಠ್ಯದ ಕಡತ ಬರೆದು, ಹೆಸರಿನ ಕೊನೆಗೆ ಚುಕ್ಕೆ ಮತ್ತು 'ಎಂ.ಡಿ.' ಸೇರಿಸಿ. ಕಡತದ ಹೆಸರೇ ಆಜ್ಞೆಯ ಹೆಸರು. 'ಪರೀಕ್ಷೆ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟಿದ್ದರೆ, ಓರೆಗೆರೆ ಹಾಕಿ ಆ ಪದವನ್ನು ಕುಟ್ಟಿದೊಡನೆ ಕಡತದಲ್ಲಿರುವ ಇಡೀ ಸೂಚನೆ ಯಂತ್ರಕ್ಕೆ ತಲುಪುತ್ತದೆ. ಸೂಚನೆ ಅಚ್ಚಕನ್ನಡದಲ್ಲೇ ಇರಬಹುದು. ಉದಾಹರಣೆಗೆ:

"ನೀನು ಮೇಷ್ಟ್ರು, ನಾನು ವಿದ್ಯಾರ್ಥಿ. ನನ್ನ ಟಿಪ್ಪಣಿಯಲ್ಲಿ 'ವಿಷಯ'ದ ಬಗ್ಗೆ ಇರುವುದನ್ನು ಓದು. ಐದು ಪ್ರಶ್ನೆ ಕೇಳು, ಒಂದೊಂದಾಗಿ. ನಾನು ಉತ್ತರಿಸುವ ತನಕ ಕಾಯಿ. ತಪ್ಪಿದರೆ ಸರಿಯುತ್ತರ ಹೇಳಬೇಡ. ಟಿಪ್ಪಣಿಯ ಯಾವ ಭಾಗವನ್ನು ಮತ್ತೆ ಓದಬೇಕೆಂದು ತಿಳಿಸು. ಟಿಪ್ಪಣಿಯಲ್ಲಿ ಇಲ್ಲದ್ದನ್ನು ಸೇರಿಸಬೇಡ."

ಇಲ್ಲಿ 'ವಿಷಯ' ಎಂದಿರುವ ಜಾಗದಲ್ಲಿ ಡಾಲರ್ ಚಿಹ್ನೆ ಹಾಕಿ 'ಆರ್ಗ್ಯುಮೆಂಟ್ಸ್' ಎಂದು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ಆಮೇಲೆ ಆಜ್ಞೆಯ ಮುಂದೆ 'ಹಳೇಬೀಡು' ಎಂದು ಕುಟ್ಟಿದರೆ ಆ ಪದ ತಾನಾಗಿ ಅಲ್ಲಿ ಬಂದು ಕೂರುತ್ತದೆ. ನಾಳೆ 'ಬೇಲೂರು', ನಾಡಿದ್ದು 'ದ್ಯುತಿಸಂಶ್ಲೇಷಣೆ'. ಸೂಚನೆ ಅದೇ, ವಿಷಯ ಬೇರೆ. ಜೆಮಿನಿಯಲ್ಲಿ ಫೋಲ್ಡರಿನ ಹೆಸರೂ ಕಡತದ ಬಗೆಯೂ ಬೇರೆ, ತತ್ವ ಒಂದೇ.

"ನೇರವಾಗಿ ಉತ್ತರವನ್ನೇ ಬರೆಸಿಕೊಂಡರೆ ಆಗದೇ?" ಎಂದು ಕೇಳುವ ಮಕ್ಕಳಿದ್ದಾರೆ. ಆದೀತು. ಪರೀಕ್ಷೆಯ ಕೊಠಡಿಗೆ ಮಾತ್ರ ಆ ಯಂತ್ರ ಬರುವುದಿಲ್ಲ. ಬರೆಸಿಕೊಂಡ ಉತ್ತರ ಪುಸ್ತಕದಲ್ಲಿ ಉಳಿಯುತ್ತದೆ, ತಡಕಾಡಿ ಹೇಳಿದ ಉತ್ತರ ತಲೆಯಲ್ಲಿ ಉಳಿಯುತ್ತದೆ. ಒಂದೇ ಯಂತ್ರ ಮಗುವಿನ ಬದಲು ಬರೆಯಲೂಬಹುದು, ಮಗುವಿನ ಕೈಲಿ ಬರೆಸಲೂಬಹುದು. ಯಾವುದು ನಡೆಯಬೇಕೆಂಬುದನ್ನು ತೀರ್ಮಾನಿಸುವುದು ಆ ಕಡತದಲ್ಲಿರುವ ನಾಲ್ಕು ಸಾಲು. ಬೇಸರದ ಸಂಜೆಯಲ್ಲಿ ಮನಸ್ಸು ಸುಲಭದ ದಾರಿ ಹುಡುಕುತ್ತದೆ. ಬುದ್ಧಿ ತಿಳಿಯಾಗಿದ್ದಾಗ ಬರೆದಿಟ್ಟ ಆಜ್ಞೆ ಆಗ ಕಾಪಾಡುತ್ತದೆ.

ಹೀಗೆ ಬರೆದ ಮಾತ್ರಕ್ಕೆ ಯಂತ್ರ ತಪ್ಪುವುದಿಲ್ಲವೆಂದಲ್ಲ. ಇಲ್ಲದ್ದನ್ನು ಇದೆಯೆಂದು ಧೈರ್ಯವಾಗಿ ಹೇಳುವ ಚಾಳಿ ಅದಕ್ಕಿದೆ. ಅದನ್ನು ಹಿಡಿಯಲು ನಮ್ಮ ಸೀಮೆಯೇ ಒಳ್ಳೆಯ ಒರೆಗಲ್ಲು. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. 16 ಕಿ.ಮೀ. ಆಚೆಗಿರುವ ಹಳೇಬೀಡಿನ ಹೊಯ್ಸಳೇಶ್ವರ ಶಿವನ ಗುಡಿ, ಅದೂ ಜೋಡಿ ಗುಡಿ. ಇವೆರಡೂ ಸೋಮನಾಥಪುರದ ಜೊತೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅರಸೀಕೆರೆಯಲ್ಲಿರುವ 1220ರ ಈಶ್ವರ ದೇವಾಲಯವೂ ಹೊಯ್ಸಳರ ಕಾಲದ್ದೇ, ಆದರೆ ಆ ಪಟ್ಟಿಯಲ್ಲಿಲ್ಲ. ಈ ನಾಲ್ಕನ್ನು ಯಂತ್ರ ಒಂದಕ್ಕೊಂದು ಕಲಸದೆ ಹೇಳುತ್ತದೆಯೇ ನೋಡಿ. ಕಲಸಿದ್ದನ್ನು ಕಂಡುಹಿಡಿದ ವಿದ್ಯಾರ್ಥಿಗೆ ಆ ಪಾಠ ಚೆನ್ನಾಗಿ ಬಂದಿದೆಯೆಂದೇ ಅರ್ಥ.

ಇನ್ನು ತಂದೆ-ತಾಯಿಯರಿಗೆ ಮೂರು ಮಾತು. ಕ್ಲಾಡ್ ಬಳಸುವವರಿಗೆ 18 ವರ್ಷ ತುಂಬಿರಬೇಕೆಂಬುದು ಕಂಪನಿಯ ನಿಯಮ. ಆದ್ದರಿಂದ ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಕೀಲಿಮಣೆಯ ಮುಂದೆ ಕೂರಬೇಕಾದವರು ನೀವು. ಪ್ರಶ್ನೆಯನ್ನು ನೀವು ಓದಿ ಹೇಳಿ, ಮಗು ಬಾಯಲ್ಲಿ ಉತ್ತರಿಸಲಿ. ಎರಡನೆಯದು, ಕ್ಲಾಡ್ ಕೋಡ್‌ಗೆ ಹಣ ತೆರಬೇಕು. ಲೆಕ್ಕ ನೋಡಿಕೊಂಡು ಮುಂದುವರಿಯಿರಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೇರೆಯವರು ಬರೆದ ಆಜ್ಞೆಯ ಕಡತವನ್ನು ಓದದೆ ತಂದಿಟ್ಟುಕೊಳ್ಳಬೇಡಿ. ಈ ಸಹಾಯಕರು ನಿಮ್ಮ ಕಂಪ್ಯೂಟರಿನ ಕಡತಗಳನ್ನು ತಿದ್ದಬಲ್ಲರು, ಅಳಿಸಲೂ ಬಲ್ಲರು. "ಮಾಡಲೇ?" ಎಂದು ಯಂತ್ರ ಅನುಮತಿ ಕೇಳಿದಾಗ ಏನು ಮಾಡಹೊರಟಿದೆಯೆಂದು ಓದಿಯೇ ಹೂಂ ಅನ್ನಿ.

ಹೊಯ್ಸಳ ಶಿಲ್ಪಿಗಳು ತಾವು ಕಡೆದ ವಿಗ್ರಹದ ಕೆಳಗೆ ತಮ್ಮ ಹೆಸರನ್ನೂ ಕೊರೆದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳನ್ನು ಬೇಲೂರಿನಲ್ಲಿ ಇಂದಿಗೂ ಓದಬಹುದು. ಉತ್ತರಪತ್ರಿಕೆಯ ಮೇಲೂ ವಿದ್ಯಾರ್ಥಿ ತನ್ನ ಹೆಸರು, ಸಂಖ್ಯೆ ಬರೆಯುತ್ತಾನೆ. ಅದರ ಕೆಳಗಿನ ಕೆಲಸವೂ ಅವನದೇ ಆಗಿರಬೇಕಾದರೆ, ಯಂತ್ರಕ್ಕೆ ಕೊಡುವ ಅಪ್ಪಣೆಯನ್ನು ಅವನೇ ಯೋಚಿಸಿ ಬರೆಯುವುದು ಒಳ್ಳೆಯ ಆರಂಭ.