ಕಫೀಲ್ ಯಾರು ಅಂತ ಮೊದಲು ಕೇಳಿ

ಜಯಪುರ, ಕೊಪ್ಪ, ಶೃಂಗೇರಿ ಕಡೆಯ ನಮ್ಮ ಮನೆಗಳಲ್ಲಿ ಹುಡುಗನಿಗೆ ಇಪ್ಪತ್ತು ದಾಟಿತೆಂದರೆ ಮಾತು ಗಲ್ಫಿನತ್ತ ತಿರುಗುತ್ತದೆ. ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಬಿದ್ದ ಮೇಲೆ ಪೇಟೆಯ ವ್ಯಾಪಾರವೂ ಸೊರಗಿದೆ, ಹುಡುಗರ ಅವಸರ ಹೆಚ್ಚಾಗಿದೆ. ದಮ್ಮಾಮಿನಲ್ಲಿರುವ ಮಾಮ ಒಂದು ಫ್ರೀ ವೀಸಾ ನೋಡಿದ್ದಾರಂತೆ ಎಂಬ ಸುದ್ದಿ ಬಂದರೆ ಸಾಕು, ಉಮ್ಮನ ಚಿನ್ನ ಬ್ಯಾಂಕಿಗೆ ಹೋಗುತ್ತದೆ. ಕಫೀಲ್ ಯಾರು, ಇಕಾಮದಲ್ಲಿ ಯಾವ ಕೆಲಸ ಬರೆದಿರುತ್ತದೆ ಎಂದು ಕೇಳಿದರೆ, "ಅದೆಲ್ಲ ಅಲ್ಲಿ ಹೋದ ಮೇಲೆ ನೋಡುವಾ" ಎಂಬ ಉತ್ತರ.

ಫ್ರೀ ವೀಸಾ ಎಂಬುದು ಸೌದಿ ಕಾನೂನಿನಲ್ಲಿ ಇಲ್ಲವೇ ಇಲ್ಲ. ಕಾಗದದಲ್ಲಿ ಒಬ್ಬ ಕಫೀಲ್ ಇದ್ದೇ ಇರುತ್ತಾನೆ, ಅವನ ಬಳಿ ಕೆಲಸ ಮಾತ್ರ ಇರುವುದಿಲ್ಲ. ಹುಡುಗ ಹೊರಗೆ ಕೆಲಸ ಹುಡುಕಬೇಕು, ಇಕಾಮ ನವೀಕರಣದ ದುಡ್ಡನ್ನೂ ಅವನೇ ಹೊಂದಿಸಬೇಕು. ಆದರೆ ಅಲ್ಲಿನ ಕಾರ್ಮಿಕ ಕಾನೂನಿನ 39ನೇ ವಿಧಿಯ ಪ್ರಕಾರ ತನ್ನ ಮಾಲೀಕನನ್ನು ಬಿಟ್ಟು ಬೇರೆಯವರಲ್ಲಿ ದುಡಿಯುವುದೇ ತಪ್ಪು. ಕಫೀಲ್ ಒಂದು ದಿನ 'ಹುರೂಬ್' ಹಾಕಿದರೆ, ಅಂದರೆ ಕೆಲಸ ಬಿಟ್ಟು ಓಡಿಹೋದ ಎಂದು ಬರೆಸಿದರೆ, ಹುಡುಗ ಕಾನೂನಿಗೆ ಹೊರಗಾದ. 2013ರಲ್ಲಿ ನಿತಾಖಾತ್ ಬಿಗಿಯಾದಾಗ ಬಜ್ಪೆಯಲ್ಲಿ ಬರಿಗೈಯಲ್ಲಿ ಇಳಿದವರಲ್ಲಿ ಇಂಥವರೇ ಹೆಚ್ಚು. ಅದನ್ನು ನಾವು ಬೇಗ ಮರೆತೆವು.

ಇನ್ನೊಂದು ಹೌಸ್ ಡ್ರೈವರ್ ವೀಸಾ. ಸುಲಭವಾಗಿ ಸಿಗುತ್ತದೆ ಎಂದು ಅಂಗಡಿ ಕೆಲಸಕ್ಕೆ ಹೋಗುವವನಿಗೂ ಅದನ್ನೇ ಕೊಡುತ್ತಾರೆ. 2021ರ ಮಾರ್ಚ್ 14ರಿಂದ ಸೌದಿಯಲ್ಲಿ ಒಂದು ವರ್ಷ ದುಡಿದವನು ಕಫೀಲನ ಒಪ್ಪಿಗೆಯಿಲ್ಲದೆ ಬೇರೆ ಕಂಪೆನಿಗೆ ಹೋಗಬಹುದು ಎಂದಾಯಿತು. ಆ ಸೌಲಭ್ಯದಿಂದ ಮನೆಗೆಲಸದವರನ್ನೂ ಮನೆ ಡ್ರೈವರ್‌ಗಳನ್ನೂ ಹೊರಗಿಟ್ಟರು. ವೀಸಾ ಮಾರುವವರು ಇದನ್ನು ಹೇಳುವುದಿಲ್ಲ.

ದುಡ್ಡಿನ ಲೆಕ್ಕವೂ ಗೊತ್ತಿರಲಿ. ಸೌದಿ ಕಾನೂನಿನ 40ನೇ ವಿಧಿಯಂತೆ ಕರೆಸಿಕೊಳ್ಳುವ ಖರ್ಚು, ಇಕಾಮದ ಫೀಸು ಎಲ್ಲ ಮಾಲೀಕನದ್ದು. ಯುಎಇಯಲ್ಲೂ ಹಾಗೆಯೇ. ನಮ್ಮಲ್ಲಿ ನೋಂದಾಯಿತ ಏಜೆಂಟ್ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ ತೆಗೆದುಕೊಳ್ಳಬಹುದು, ಅದಕ್ಕೆ ರಶೀದಿ ಕೊಡಬೇಕು. ಏಜೆಂಟರ ಹೆಸರು ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು.

ಎಸ್ಸೆಸ್ಸೆಲ್ಸಿ ಪಾಸಾಗದವನು ಗಲ್ಫಿಗೆ ಕೆಲಸಕ್ಕೆ ಹೊರಟರೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು, ಆಗ ಮಾಲೀಕನ ಕರಾರನ್ನು ಸರಕಾರವೂ ನೋಡುತ್ತದೆ. ಪಾಸಾದವನಿಗೆ ಅದು ಬೇಡ. ಈಗ ನಮ್ಮ ಹುಡುಗರಲ್ಲಿ ಹೆಚ್ಚಿನವರು ಹತ್ತು ದಾಟಿದವರು. ಕಲಿತವನ ಕಾಗದವನ್ನು ಯಾರೂ ನೋಡುವುದಿಲ್ಲ ಎಂದಾಯಿತು, ಮನೆಯವರೇ ನೋಡಬೇಕು.

ಇದನ್ನು ಬರೆಯುವಾಗ ಸ್ವಲ್ಪ ಮುಜುಗರವೇ ಆಗುತ್ತದೆ. ಏಕೆಂದರೆ ವೀಸಾ ಮಾರುವವರು ಹೆಚ್ಚಾಗಿ ಹೊರಗಿನವರಲ್ಲ. ಮಾಮ, ಕಾಕ, ಭಾವ, ಜಮಾಅತಿನಲ್ಲಿ ಪಕ್ಕದಲ್ಲೇ ಸಫ್‌ನಲ್ಲಿ ನಿಲ್ಲುವವರು. ಕೆಲವರು ತಾವು ಬಂದ ದಾರಿಯಲ್ಲೇ ಇನ್ನೊಬ್ಬನನ್ನು ಕರೆಯುತ್ತಾರೆ, ಅದರಲ್ಲಿ ಕೆಟ್ಟ ಮನಸ್ಸಿಲ್ಲ. ಕೆಲವರು ನಡುವೆ ಲಾಭ ಇಟ್ಟುಕೊಳ್ಳುತ್ತಾರೆ. ಸಂಬಂಧ ಕೆಡುತ್ತದೆಂದು ನಾವು ರಶೀದಿ ಕೇಳುವುದಿಲ್ಲ. ದುಡ್ಡು ಹೋದ ಮೇಲೆ ಸಂಬಂಧವೂ ಉಳಿಯುವುದಿಲ್ಲ ಎಂಬುದು ಎಷ್ಟು ಮನೆಗೆ ಗೊತ್ತಿಲ್ಲ?

ಪಾಸ್‌ಪೋರ್ಟ್ ಕೊಡುವ ಮೊದಲು ಕಫೀಲನ ಹೆಸರು, ಕೆಲಸದ ಹೆಸರು, ಸಂಬಳ ಇರುವ ಕರಾರು ಪತ್ರದ ಪ್ರತಿ ಮನೆಗೆ ಬರಲಿ. ಅರಬಿಯಲ್ಲಿದ್ದರೆ ಮದರಸದ ಉಸ್ತಾದರು ಅಥವಾ ಸೌದಿಯಿಂದ ಬಂದು ಊರಲ್ಲೇ ಇರುವ ಹಿರಿಯರು ಓದಿ ಹೇಳಲಿ. ಈಗಾಗಲೇ ಹೋಗಿ ಸಿಕ್ಕಿಬಿದ್ದವರ ಮನೆಯವರು ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲಿನಲ್ಲಿ ಇಲ್ಲಿಂದಲೇ ದೂರು ಕೊಡಬಹುದು. ಅದಕ್ಕೆ ಪಾಸ್‌ಪೋರ್ಟ್, ವೀಸಾ, ಇಕಾಮದ ಫೋಟೊ ಉಮ್ಮನ ಮೊಬೈಲಿನಲ್ಲಿ ಇವತ್ತೇ ಇರಬೇಕು.