ಸದ್ದಿಗೆ ದಂಡ, ವಿಷಕ್ಕೆ ವಿನಾಯಿತಿ

ಡಾಂಬರು ರಸ್ತೆಗೂ ಮಣ್ಣಿನ ಹಾದಿಗೂ ಒಗ್ಗುವ ಬೈಕುಗಳ ಗೀಳು ಬೆಂಗಳೂರಿನಲ್ಲಿ ಒಂದು ದಶಕದಿಂದ ಬೆಳೆಯುತ್ತಲೇ ಬಂದಿದೆ. ನಗರದ ಸವಾರ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಎನಿಸಿಕೊಂಡ ಮರುವರ್ಷವೇ ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ ಮಾರುಕಟ್ಟೆಗೆ ಬಂತು. 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200, 2022ರಲ್ಲಿ ಮರುಹುಟ್ಟು ಪಡೆದ ಯೆಜ್ಡಿಯ ಅಡ್ವೆಂಚರ್, 2023ರಲ್ಲಿ 450 ಸಿಸಿಯ ಹೊಸ ಹಿಮಾಲಯನ್, 2025ರಲ್ಲಿ ಎಕ್ಸ್‌ಪಲ್ಸ್ 210 ಬಂದವು. ವಾರಾಂತ್ಯದ ನಸುಕಿನಲ್ಲಿ ಗೊರಗುಂಟೆಪಾಳ್ಯ, ಪೀಣ್ಯ ದಾಟಿ ನೆಲಮಂಗಲದ ಕಡೆಗೆ, ಅಲ್ಲಿಂದ ಸಕಲೇಶಪುರ, ಚಿಕ್ಕಮಗಳೂರಿನ ಕಡೆಗೆ ಸಾಗುವ ಬೈಕುಗಳಲ್ಲಿ ಇವುಗಳ ಪಾಲು ಸಣ್ಣದಲ್ಲ.

ಇಂಥ ಬೈಕು ಕೊಂಡವರು ಅದನ್ನು ಷೋರೂಮಿನಿಂದ ಬಂದ ಹಾಗೆಯೇ ಓಡಿಸುವುದು ಕಡಿಮೆ. ಟೈರು, ಹ್ಯಾಂಡಲ್, ಕ್ರ್ಯಾಷ್ ಗಾರ್ಡ್, ಸಾಮಾನು ಕಟ್ಟುವ ಚೌಕಟ್ಟು ಹೀಗೆ 'ಸೆಟಪ್' ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಹೆಚ್ಚಿನವು ಸವಾರನ ಅನುಕೂಲಕ್ಕೆ ಸಂಬಂಧಿಸಿದವು. ಆದರೆ ಅದೇ ಪಟ್ಟಿಯಲ್ಲಿ ಮತ್ತೊಂದು ಬಾಬತ್ತೂ ಸದ್ದಿಲ್ಲದೆ ಸೇರಿಕೊಂಡಿದೆ. ಹೊಗೆಯ ವಿಷವನ್ನು ಶೋಧಿಸುವ ಕೆಟಲಿಟಿಕ್ ಕನ್ವರ್ಟರನ್ನು ಕಿತ್ತುಹಾಕಿ ಆ ಜಾಗಕ್ಕೆ ಖಾಲಿ ಪೈಪು ಜೋಡಿಸುವುದು ಆ ಬಾಬತ್ತು. ಇದು ಕೆಲವೇ ಬೈಕುಗಳ ಖಾಸಗಿ ವಿಚಾರವೆಂದು ತಳ್ಳಿಹಾಕುವಂತಿಲ್ಲ. ದೇಶ ಎರಡು ದಶಕಗಳ ಕಾಲ ಹಣ ಹಾಗೂ ನ್ಯಾಯಾಲಯದ ಆದೇಶಗಳ ಬಲದಿಂದ ಸಾಧಿಸಿದ್ದನ್ನು ಒಂದು ಸ್ಪ್ಯಾನರ್ ಅರ್ಧ ಗಂಟೆಯಲ್ಲಿ ಅಳಿಸಿಹಾಕಬಲ್ಲದು. ಅದನ್ನು ಹಿಡಿಯಬೇಕಾದ ವ್ಯವಸ್ಥೆಯಾದರೋ ಬೇರೆಡೆ ನೋಡುತ್ತಿದೆ.

ತೆಗೆಯುವುದು ಏನನ್ನು?

ಕನ್ವರ್ಟರ್ ಎಂದರೆ ಜೇನುಗೂಡಿನಂತೆ ಸೂಕ್ಷ್ಮ ರಂಧ್ರಗಳಿರುವ ಲೋಹದ ಅಥವಾ ಪಿಂಗಾಣಿಯ ತುಂಡು. ಅದರ ಮೈಗೆ ಪ್ಲಾಟಿನಂ, ಪೆಲೇಡಿಯಂ, ರೋಡಿಯಂಗಳಂಥ ದುಬಾರಿ ಲೋಹಗಳ ತೆಳುಲೇಪವಿರುತ್ತದೆ. ಎಂಜಿನ್ ಬಿಸಿಯೇರಿದ ಮೇಲೆ ಇದರ ಮೂಲಕ ಹಾಯುವ ಇಂಗಾಲದ ಮಾನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಹುಪಾಲು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಸಾರಜನಕಗಳಾಗಿ ಮಾರ್ಪಡುತ್ತವೆ. ಸುಸ್ಥಿತಿಯಲ್ಲಿರುವ ಕನ್ವರ್ಟರ್ ಈ ಮೂರು ವಿಷಗಳ ಶೇ 90ಕ್ಕೂ ಹೆಚ್ಚು ಭಾಗವನ್ನು ನಿವಾರಿಸಬಲ್ಲದು. ಅದು ಸರಿಯಾಗಿ ಕೆಲಸ ಮಾಡಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೆರೆಯಬೇಕು. ಈ ಪ್ರಮಾಣವನ್ನು ಕ್ಷಣಕ್ಷಣವೂ ಕಾಯುವುದು ಹೊಗೆ ಕೊಳವೆಯಲ್ಲಿ ಕೂತ ಆಮ್ಲಜನಕ ಸೆನ್ಸರ್. ಜತೆಗೆ, ಟ್ಯಾಂಕಿನಿಂದ ಆವಿಯಾಗುವ ಪೆಟ್ರೋಲನ್ನು ಹೀರಿಕೊಳ್ಳುವ ಇದ್ದಿಲಿನ ಡಬ್ಬಿಯೂ ಇರುತ್ತದೆ.

ಇವೆಲ್ಲ ಒಮ್ಮೆಲೇ ಬಂದವಲ್ಲ. 1995ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸವು ಕನ್ವರ್ಟರನ್ನು ಕೊಲ್ಲುತ್ತದೆ. ಆದ್ದರಿಂದ ಸೀಸರಹಿತ ಪೆಟ್ರೋಲೂ ಅದರೊಡನೆ ಬಂತು. 2000ದಲ್ಲಿ ಅದು ದೇಶವ್ಯಾಪಿಯಾಯಿತು. 2017ರ ಏಪ್ರಿಲ್ 1ರಿಂದ ಬಿಎಸ್-3 ವಾಹನಗಳ ಮಾರಾಟವನ್ನು ಸುಪ್ರೀಂ ಕೋರ್ಟ್ ನಿಷೇಧಿಸಿತು. 2020ರ ಏಪ್ರಿಲ್ 1ರಿಂದ, ಬಿಎಸ್-5 ಹಂತವನ್ನೇ ಜಿಗಿದು, ದೇಶದಾದ್ಯಂತ ಬಿಎಸ್-6 ಜಾರಿಗೆ ಬಂತು. ಪೆಟ್ರೋಲಿನಲ್ಲಿನ ಗಂಧಕದ ಅಂಶವನ್ನು ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಸಲು ತೈಲ ಕಂಪನಿಗಳು ಸಂಸ್ಕರಣಾಗಾರಗಳ ಮೇಲೆ ಸಾವಿರಾರು ಕೋಟಿ ರೂಪಾಯಿ ಸುರಿದವು. ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು, ಬೆಲೆಯೂ ಏರಿತು. ಅಂದರೆ ಇಂದು ಕಿತ್ತು ಮೂಲೆಗೆಸೆಯುವ ಆ ತುಂಡಿಗೆ ಬೈಕು ಕೊಂಡವನೇ ಹಣ ತೆತ್ತಿದ್ದಾನೆ.

ಕಿವಿಗೆ ಕೇಳಿಸದ ಅಪರಾಧ

ಸೈಲೆನ್ಸರ್ ಬದಲಾವಣೆಯ ವಿರುದ್ಧ ಪೊಲೀಸರು ಸುಮ್ಮನೆ ಕುಳಿತಿಲ್ಲ. ಕರ್ಕಶ ಸದ್ದಿನ ಸೈಲೆನ್ಸರುಗಳನ್ನು ವಶಪಡಿಸಿಕೊಂಡು ಸಾಲಾಗಿ ರಸ್ತೆಗೆ ಹಾಸಿ ಅವುಗಳ ಮೇಲೆ ರೋಡ್ ರೋಲರ್ ಹರಿಸಿದ ಚಿತ್ರಗಳು ರಾಜ್ಯದ ಹಲವು ಊರುಗಳಿಂದ ಪ್ರಕಟವಾಗಿವೆ. ಸಾರ್ವಜನಿಕರ ಮೆಚ್ಚುಗೆಯೂ ಸಿಕ್ಕಿದೆ. ನಿದ್ದೆಗೆಟ್ಟ ಬಡಾವಣೆಗಳ ದೃಷ್ಟಿಯಿಂದ ಈ ಕ್ರಮ ಸರಿಯೇ.

ವಿಪರ್ಯಾಸವೆಂದರೆ, ಸದ್ದು ಮಾಡುವ ಬೈಕೇ ವಿಷ ಕಾರುವ ಬೈಕಾಗಿರಬೇಕೆಂದಿಲ್ಲ. ಹಲವು ಬೈಕುಗಳಲ್ಲಿ ಕನ್ವರ್ಟರ್ ಇರುವುದು ಎಂಜಿನ್ನಿಗೆ ಹತ್ತಿರದ ಬಾಗಿದ ಕೊಳವೆಯಲ್ಲಿ. ತುದಿಯ ಸೈಲೆನ್ಸರಿನಲ್ಲಿ ಅಲ್ಲ. ತುದಿಯ ಡಬ್ಬಿಯನ್ನಷ್ಟೇ ಬದಲಿಸಿದವನ ಬೈಕು ಬೀದಿಯನ್ನೆಲ್ಲ ಎಬ್ಬಿಸಿದರೂ ಅದರ ಕನ್ವರ್ಟರ್ ಸುರಕ್ಷಿತವಾಗಿರಬಹುದು. ಅದೇ ನಡುವಿನ ಕೊಳವೆಯನ್ನು ಬದಲಿಸಿ ಕಂಪನಿಯ ಸೈಲೆನ್ಸರನ್ನೇ ಉಳಿಸಿಕೊಂಡವನು ಹೆಚ್ಚು ಸದ್ದಿಲ್ಲದೆ ಪೊಲೀಸರ ಮುಂದೆಯೇ ಸಾಗಬಲ್ಲ. ಮೊದಲನೆಯವನಿಗೆ ದಂಡ, ಎರಡನೆಯವನಿಗೆ ದಾರಿ.

ಇನ್ನು ಎಮಿಷನ್ ಟೆಸ್ಟ್. ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದ ಪ್ರಕಾರ ಮೊದಲ ನೋಂದಣಿಯಾದ ಒಂದು ವರ್ಷದ ನಂತರವಷ್ಟೇ ವಾಹನಕ್ಕೆ ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕು. ಹೊಸ ವಾಹನ ಕಾರ್ಖಾನೆಯ ಸ್ಥಿತಿಯಲ್ಲೇ ಇರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಮೊದಲ ಸರ್ವೀಸಿಗೂ ಮುನ್ನವೇ ಕನ್ವರ್ಟರ್ ಕಳಚುವ ಹೊಸ ಬೈಕಿನ ವಿಷಯದಲ್ಲಿ ಈ ನಂಬಿಕೆಯೇ ಹನ್ನೆರಡು ತಿಂಗಳ ವಿನಾಯಿತಿಯಾಗಿ ಪರಿಣಮಿಸುತ್ತದೆ.

ವರ್ಷದ ಬಳಿಕ ನಡೆಯುವ ಪರೀಕ್ಷೆಯೂ ನಿಂತ ಬೈಕಿನ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಮಾಡುವಂಥದ್ದು. ಅಲ್ಲಿ ಅಳೆಯುವುದು ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು. ಎಂಜಿನ್ ಶ್ರಮಪಟ್ಟಾಗ ಹೆಚ್ಚು ಹುಟ್ಟುವ ನೈಟ್ರೋಜನ್ ಆಕ್ಸೈಡುಗಳನ್ನು ಪೆಟ್ರೋಲ್ ಬೈಕಿನಲ್ಲಿ ಅಳೆಯುವುದೇ ಇಲ್ಲ. ಬಿಎಸ್-6 ನಿಯಮದಡಿ ಇವುಗಳ ಮಿತಿ ಕಿಲೋಮೀಟರಿಗೆ ಕೇವಲ 0.06 ಗ್ರಾಂ. ಅಷ್ಟು ಬಿಗಿಯಾದ ಮಿತಿಯನ್ನು ಪ್ರಯೋಗಾಲಯದಲ್ಲಿ ತಯಾರಕನಿಂದ ಸಾಧಿಸಿಕೊಂಡ ಮೇಲೆ ರಸ್ತೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಇಷ್ಟಾಗಿಯೂ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಯವಿದ್ದರೆ, ಆ ದಿನದ ಮಟ್ಟಿಗೆ ಹಳೆಯ ಕೊಳವೆಯನ್ನು ಮತ್ತೆ ಬಿಗಿದುಕೊಂಡು ಹೋದರಾಯಿತು.

ಕಾನೂನು ಬಡವಾಗಿಲ್ಲ

ಕಾನೂನಿನ ಕೊರತೆ ಇಲ್ಲಿಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182-ಎ ಸೆಕ್ಷನ್, ಅನುಮತಿಯಿಲ್ಲದೆ ಬಿಡಿಭಾಗ ಬದಲಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಶಬ್ದ ಹಾಗೂ ವಾಯುಮಾಲಿನ್ಯದ ಮಾನದಂಡ ಮೀರಿ ವಾಹನ ಓಡಿಸಿದರೆ 190(2)ನೇ ಸೆಕ್ಷನ್ ಅನ್ವಯ 10,000 ರೂ.ವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಪರವಾನಗಿಗೂ ಮೂರು ತಿಂಗಳ ಕುತ್ತು. ಸೆಕ್ಷನ್ ಒಂದೇ ಆದರೂ ಅದರಲ್ಲಿನ 'ಶಬ್ದ' ಎಂಬ ಪದಕ್ಕೆ ಸಿಕ್ಕ ಮನ್ನಣೆ 'ವಾಯು' ಎಂಬ ಪದಕ್ಕೆ ಸಿಕ್ಕಿಲ್ಲ.

ಅಮೆರಿಕದ ಉದಾಹರಣೆಯೊಂದು ಇಲ್ಲಿ ಪ್ರಸ್ತುತ. ಎಂಜಿನ್ನಿನ ಹೊಂದಾಣಿಕೆ ಬದಲಿಸಿ ಮಾಲಿನ್ಯ ಹೆಚ್ಚಿಸುವ 'ಟ್ಯೂನರ್' ಸಾಧನಗಳನ್ನು ಮಾರಿದ ಆರೋಪಕ್ಕಾಗಿ ಹಾರ್ಲೆ-ಡೇವಿಡ್‌ಸನ್ ಕಂಪನಿ 2016ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಗೆ 1.2 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಸಾಧನಗಳು ರೇಸ್ ಟ್ರ್ಯಾಕಿನ ಬಳಕೆಗೆಂದು ಕಂಪನಿ ವಾದಿಸಿತ್ತು. ಆದರೆ ಮಾರಾಟವಾದದ್ದು ಸುಮಾರು 3.4 ಲಕ್ಷ. ಅಷ್ಟೂ ಟ್ರ್ಯಾಕಿಗೇ ಹೋದವೆಂದು ನಂಬುವುದು ಕಷ್ಟ. ಅಲ್ಲಿನ ಅಧಿಕಾರಿಗಳು ಬೀದಿಯಲ್ಲಿ ಒಬ್ಬೊಬ್ಬ ಸವಾರನನ್ನು ಹಿಡಿಯುವ ಬದಲು ಮಾರುವವನ ಬಾಗಿಲಿಗೆ ಹೋದರು ಎಂಬುದು ಗಮನಾರ್ಹ.

ಸವಾರರ ಅಹವಾಲು

ಹಾಗೆಂದು ಸವಾರರ ದೂರುಗಳೆಲ್ಲ ಹುಸಿಯಲ್ಲ. ಕನ್ವರ್ಟರ್ ಕೆಲಸ ಮಾಡುವುದೇ ನೂರಾರು ಡಿಗ್ರಿ ಉಷ್ಣತೆಯಲ್ಲಿ. ಟ್ರಾಫಿಕ್ಕಿನಲ್ಲಿ ಅದರ ಝಳ ಕಾಲಿಗೆ ತಾಗುತ್ತದೆ. ಒಣಹುಲ್ಲಿನ ಮೇಲೆ ಬೈಕು ನಿಲ್ಲಿಸಿದರೆ ಬೆಂಕಿಯ ಅಪಾಯವೂ ಉಂಟು. ಮಾಲಿನ್ಯದ ಮಿತಿಗಾಗಿ ಪೆಟ್ರೋಲಿನ ಅಂಶ ತಗ್ಗಿಸಿದ ಎಂಜಿನ್ ನಿಧಾನಗತಿಯಲ್ಲಿ ಮುಗ್ಗರಿಸಿದಂತೆ ಭಾಸವಾಗುವುದೂ ಇದೆ. ಕಲ್ಲುಬಂಡೆಗಳ ಹಾದಿಯಲ್ಲಿ ಎಂಜಿನ್ನಿನ ಅಡಿಯ ಕೊಳವೆಗೆ ಪೆಟ್ಟು ಬೀಳುತ್ತದೆ ಎಂಬ ಆತಂಕವೂ ಸಹಜವೇ.

ಆದರೆ ಈ ಕಷ್ಟಗಳಿಗೆ ಕನ್ವರ್ಟರ್ ಕೀಳುವುದು ಮದ್ದಲ್ಲ. ಝಳಕ್ಕೆ ಶಾಖ ತಡೆಯುವ ಕವಚವಿದೆ, ಪೆಟ್ಟಿಗೆ ಬ್ಯಾಷ್ ಪ್ಲೇಟ್ ಇದೆ. ಬೈಕು ಮಣ್ಣಿನಲ್ಲಿ ಹದವಾಗಿ ನಡೆಯುವುದು ಟೈರು, ಸಸ್ಪೆನ್ಷನ್, ಹ್ಯಾಂಡಲಿನ ಎತ್ತರ ಮತ್ತು ಸ್ಪ್ರಾಕೆಟ್ಟಿನ ಹಲ್ಲುಗಳ ಲೆಕ್ಕದಿಂದಲೇ ಹೊರತು ಹೊಗೆಯ ದಾರಿ ಸಡಿಲವಾಗುವುದರಿಂದ ಅಲ್ಲ. ಎಕ್ಸ್‌ಪಲ್ಸ್ 200ಕ್ಕೆ ಹೀರೊ ಕಂಪನಿಯೇ 2020ರಲ್ಲಿ 38,000 ರೂ.ಗೆ ತಂದ ರ‍್ಯಾಲಿ ಕಿಟ್ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿದ್ದದ್ದು ಉದ್ದದ, ಹೊಂದಿಸಬಹುದಾದ ಸಸ್ಪೆನ್ಷನ್, ಮಣ್ಣಿನ ಟೈರು, ಚಪ್ಪಟೆ ಸೀಟು, ಹ್ಯಾಂಡಲ್ ಏರಿಸುವ ತುಣುಕುಗಳು. ನೆಲದಿಂದ ಬೈಕಿನ ಎತ್ತರ 220ರಿಂದ 275 ಮಿಲಿಮೀಟರಿಗೆ ಏರಿತು. ಎಂಜಿನ್ನಿನ ಶಕ್ತಿಯನ್ನು ಅದು ಮುಟ್ಟಲಿಲ್ಲ.

ಕನ್ವರ್ಟರ್ ತೆಗೆದಾಗ ಸಿಗುವುದು ಒಂದೆರಡು ಕಿಲೋ ತೂಕದ ಉಳಿತಾಯ ಮತ್ತು ಗಡುಸಾದ ಸದ್ದು. ಕಳೆದುಕೊಳ್ಳುವುದು ಹೆಚ್ಚು. ಆಮ್ಲಜನಕ ಸೆನ್ಸರನ್ನೂ ತೆಗೆದರೆ ಅಥವಾ ಅದಕ್ಕೆ ಸುಳ್ಳು ಸಂಕೇತ ಕೊಟ್ಟರೆ ಎಂಜಿನ್ನಿನ ಗಣಕ ಕುರುಡಾಗುತ್ತದೆ. ಪೆಟ್ರೋಲ್ ಹೆಚ್ಚು ಸುರಿದು ಮೈಲೇಜ್ ಕುಸಿಯಬಹುದು. ಹೊಸ ಬೈಕಿನ ವಾರಂಟಿಗೆ ಧಕ್ಕೆ ಬರುತ್ತದೆ. ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಬಳಿಕ ವಿಮಾ ಕಂಪನಿಯ ಕೈಗೆ ತಕರಾರಿನ ಕಾರಣವನ್ನೂ ಕೊಡುತ್ತದೆ.

ಪೀಣ್ಯದ ಪಾಲು

ಕೊಳವೆ ಬಾಗಿಸುವುದು, ಸ್ಟೀಲಿಗೆ ನಯವಾದ ವೆಲ್ಡಿಂಗ್ ಹಾಕುವುದು, ಅಲ್ಯೂಮಿನಿಯಂ ಕೊರೆಯುವುದು, ಪೌಡರ್ ಕೋಟಿಂಗ್ ಮಾಡುವುದು. ಈ ಕೌಶಲಗಳು ಪೀಣ್ಯದ ಸಣ್ಣ ಕೈಗಾರಿಕಾ ಶೆಡ್ಡುಗಳಲ್ಲಿ ಹೆಜ್ಜೆಹೆಜ್ಜೆಗೂ ಇವೆ. ಜೆ.ಸಿ. ರಸ್ತೆ ಬಿಡಿಭಾಗಗಳನ್ನು ಮಾರಿದರೆ ಪೀಣ್ಯ ಅವುಗಳನ್ನು ತಯಾರಿಸಬಲ್ಲದು. ಇದೇ ಕೈಗಳು ಬ್ಯಾಷ್ ಪ್ಲೇಟನ್ನೂ ಮಾಡಬಲ್ಲವು, ಖಾಲಿ ಪೈಪನ್ನೂ ಮಾಡಬಲ್ಲವು. ಶೆಡ್ಡಿನ ಮಾಲೀಕನಿಗೆ ಎರಡೂ ಒಂದು ಜಾಬ್ ಅಷ್ಟೆ.

ಆದರೆ ವ್ಯತ್ಯಾಸವನ್ನು ಉಸಿರಾಡುವವರು ಅಲ್ಲೇ ಇದ್ದಾರೆ. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಅವುಗಳಲ್ಲಿ ಸುಮಾರು ಮೂರನೇ ಎರಡು ಪಾಲು ದ್ವಿಚಕ್ರಗಳು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ರಾಜ್ಯದಿಂದ ಗುರುತಿಸಲಾದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಜಾಲಹಳ್ಳಿ ಕ್ರಾಸಿನಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡವರು, ಪಾಳಿ ಮುಗಿಸಿ ನಡೆದು ಹೋಗುವ ಕಾರ್ಮಿಕರು ಈ ಬೈಕುಗಳನ್ನು ಕೊಂಡವರಲ್ಲ. ನೈಟ್ರೋಜನ್ ಆಕ್ಸೈಡುಗಳು ಹೈಡ್ರೋಕಾರ್ಬನ್ನಿನೊಂದಿಗೆ ಸೇರಿ ಬಿಸಿಲಿನಲ್ಲಿ ಓಜೋನ್ ಆಗುತ್ತವೆ. ಶ್ವಾಸಕೋಶಕ್ಕೆ ಅದೊಂದು ಉರಿ. ಬಿಎಸ್-6 ಜಾರಿಗೆ ಬಂದದ್ದು ಈ ಜನರ ಹೆಸರಿನಲ್ಲಿ. ಅದರ ಫಲ ಅವರಿಗೆ ತಲುಪುವ ಮೊದಲೇ ಸೋರಿಹೋಗಬಾರದು.

ಆಗಬೇಕಾದದ್ದೇನು?

ಹೊಸ ಕಾಯ್ದೆಯ ಅಗತ್ಯವಿಲ್ಲ. ಬಿಎಸ್-6 ಬೈಕುಗಳಲ್ಲಿ ದೋಷ ಗುರುತಿಸುವ ಗಣಕ ವ್ಯವಸ್ಥೆ 2020ರಿಂದಲೇ ಇದೆ. 2023 ಮತ್ತು 2025ರಲ್ಲಿ ಅದರ ನಿಯಮಗಳು ಇನ್ನಷ್ಟು ಬಿಗಿಯಾಗಿವೆ. ಎಮಿಷನ್ ಕೇಂದ್ರದಲ್ಲಿ ಹೊಗೆಯ ನಳಿಕೆಯ ಜತೆಗೆ ಒಂದು ಸ್ಕ್ಯಾನರ್ ಜೋಡಿಸಿ ದಾಖಲಾದ ದೋಷಗಳನ್ನು ಓದುವುದು ಕಷ್ಟದ ಮಾತಲ್ಲ. ಕನ್ವರ್ಟರ್ ಇದೆಯೇ ಎಂದು ಕಣ್ಣಿನಿಂದಲೇ ಪರಿಶೀಲಿಸುವ ಕ್ರಮವನ್ನೂ ಸೇರಿಸಬಹುದು. ರಸ್ತೆಯ ತಪಾಸಣೆಯಲ್ಲಿ ಪೊಲೀಸರೊಂದಿಗೆ ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರೂ ಇದ್ದರೆ ಹೊಸ ಬೈಕುಗಳ ಒಂದು ವರ್ಷದ ಬಿಡುವು ರಕ್ಷಾಕವಚವಾಗಿ ಉಳಿಯದು.

ಅಷ್ಟೇ ಮುಖ್ಯವಾದದ್ದು ನ್ಯಾಯಬದ್ಧ ದಾರಿಯನ್ನು ಸುಲಭಗೊಳಿಸುವುದು. ಯುರೋಪಿನಲ್ಲಿ ಬದಲಿ ಸೈಲೆನ್ಸರಿಗೂ ಅನುಮೋದನೆಯ ಮುದ್ರೆ ಬೇಕು. ಮುದ್ರೆಯಿದ್ದರೆ ಸವಾರನಿಗೆ ಪೊಲೀಸರ ಭಯವಿಲ್ಲ. ಯಾವ ಮಾರ್ಪಾಡು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಸ್ಪಷ್ಟ ಪಟ್ಟಿಯನ್ನು ಸಾರಿಗೆ ಇಲಾಖೆ ಕನ್ನಡದಲ್ಲಿ ಪ್ರಕಟಿಸಿದರೆ ಸವಾರನಿಗೂ ಪೀಣ್ಯದ ಶೆಡ್ಡಿಗೂ ಗೊಂದಲ ತಪ್ಪುತ್ತದೆ. ರೇಸಿಗೆಂದೇ ಬೈಕು ಬೇಕಾದವರು ಅದನ್ನು ಗಾಡಿಯ ಮೇಲೆ ಹೇರಿಕೊಂಡು ಟ್ರ್ಯಾಕಿಗೆ ಒಯ್ಯಲಿ. ಸಾರ್ವಜನಿಕ ರಸ್ತೆಗೆ ಇಳಿಸುವ ಹಕ್ಕು ಅದಕ್ಕಿಲ್ಲ.

ಮಲೆನಾಡಿನ ಶುದ್ಧ ಗಾಳಿಯನ್ನು ಅರಸಿ ಹೊರಡುವ ಸವಾರಿ ಪೀಣ್ಯದ ಗಾಳಿಯನ್ನು ಕೆಡಿಸಿ ಸಾಗಬೇಕಾಗಿಲ್ಲ. ಬೈಕನ್ನು ಹದಗೊಳಿಸುವ ಕಲೆಗೂ ಅದರ ಶೋಧಕವನ್ನು ಕೀಳುವ ಚಟಕ್ಕೂ ನಡುವಿನ ಗೆರೆ ಸ್ಪಷ್ಟವಾಗಿದೆ. ಅದನ್ನು ಕಾಯುವ ಹೊಣೆ ಪೊಲೀಸರ ಕಿವಿಯೊಂದಕ್ಕೇ ಬಿಟ್ಟದ್ದಲ್ಲ.